ಓದುಗರ ಪ್ರಶ್ನೆ: ಹಚ್ಚಿದ್ದು ಯಾವ ಪದರದವರೆಗೆ ಹೋಗುತ್ತದೆ?

ಚಳಿಗಾಲದ ಚರ್ಮದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಇದೇ ಪುಟದಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ 'ಮನೆಯಲ್ಲೇ ಏನು ಹಚ್ಚಬಹುದು' ಅನ್ನುವವೇ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ. ಇಪ್ಪತ್ತು ವರ್ಷದಿಂದ ಚರ್ಮದ ಡಾಕ್ಟರಾಗಿ ರೋಗಿಗಳಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಯಾವುದನ್ನೇ ಹಚ್ಚುವ ಮೊದಲು ಅದು ಚರ್ಮದ ಯಾವ ಪದರದವರೆಗೆ ಹೋಗುತ್ತದೆ, ಅಲ್ಲಿ ಏನು ಮಾಡುತ್ತದೆ ಅಂತ ಕೇಳಿಕೊಳ್ಳಿ. ಗಿಡದಿಂದ ಬಂತೋ ಟ್ಯೂಬಿನಿಂದ ಬಂತೋ ಅನ್ನುವುದು ಆಮೇಲಿನ ಮಾತು.

ಮಗನ ಪಾಠದ ಪುಸ್ತಕದಲ್ಲಿ ಚರ್ಮಕ್ಕೆ ಎರಡು ಪದರ ಅಂತಿದೆ. ಯೂಟ್ಯೂಬಿನಲ್ಲಿ ಮೂರು ಅಂತಾರೆ. ನಮ್ಮ ಮಾವನವರು ಏಳು ಅಂತ ವಾದ ಮಾಡುತ್ತಾರೆ. ಯಾವುದು ಸರಿ ಮೇಡಂ? — ಧಾರವಾಡ

ಮೂರೂ ಸರಿ. ಎಲ್ಲಿಂದ ಎಲ್ಲಿಯವರೆಗೆ ಎಣಿಸುತ್ತೇವೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಮೇಲಿನದು ಹೊರಚರ್ಮ, ಅಂದರೆ ಎಪಿಡರ್ಮಿಸ್. ಅದರ ಕೆಳಗಿನದು ಒಳಚರ್ಮ, ಡರ್ಮಿಸ್. ಅದಕ್ಕೂ ಕೆಳಗಿನ ಕೊಬ್ಬಿನ ಹಾಸನ್ನು ಸೇರಿಸಿಕೊಂಡರೆ ಮೂರು. ಮಾವನವರ ಏಳು ಸುಶ್ರುತ ಸಂಹಿತೆಯ ಲೆಕ್ಕ, ಚರಕ ಸಂಹಿತೆಯಲ್ಲಿ ಆರು. ಸುಶ್ರುತನ ವಿವರಣೆ ನನಗೆ ತುಂಬಾ ಇಷ್ಟ. ಹಾಲು ಕಾಯುವಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಗರ್ಭದಲ್ಲಿ ಚರ್ಮ ಹಾಗೆ ಪದರ ಪದರವಾಗಿ ಕಟ್ಟುತ್ತದೆ ಅನ್ನುತ್ತಾನೆ. ಆಮೇಲೆ ಒಂದೊಂದು ಪದರದ ದಪ್ಪವನ್ನು ಭತ್ತದ ಕಾಳಿನ ಅಳತೆಯಲ್ಲಿ ಹೇಳುತ್ತಾನೆ. ಎಲ್ಲಕ್ಕಿಂತ ಮೇಲಿನದು ಕಾಳಿನ ಹದಿನೆಂಟರಲ್ಲಿ ಒಂದು ಪಾಲು, ಎಲ್ಲಕ್ಕಿಂತ ಒಳಗಿನದು ಎರಡು ಕಾಳಿನಷ್ಟು. ಈ ಅಳತೆ ಮಾಂಸ ತುಂಬಿದ ಜಾಗಕ್ಕೆ ಮಾತ್ರ, ಹಣೆಗೂ ಸಣ್ಣ ಬೆರಳಿಗೂ ಹೊಂದುವುದಿಲ್ಲ ಅಂತಲೂ ಹೇಳಿಬಿಟ್ಟಿದ್ದಾನೆ. ಕಣ್ಣಿಟ್ಟು ನೋಡಿದವರ ಮಾತು ಅದು. ಇವತ್ತಿನ ಅಳತೆಯಲ್ಲಿ ನಮ್ಮ ಹೊರಚರ್ಮ ಕಣ್ಣಿನ ರೆಪ್ಪೆಯ ಮೇಲೆ ಸುಮಾರು 0.05 ಮಿಲಿಮೀಟರ್, ಅಂಗಾಲಿನಲ್ಲಿ ಸುಮಾರು 1.5 ಮಿಲಿಮೀಟರ್. ಮೂವತ್ತು ಪಟ್ಟು ವ್ಯತ್ಯಾಸ!

ಮಗನಿಗೆ ಪದರ ಅಂದರೆ ಏನು ಅಂತ ತೋರಿಸಬೇಕಾದರೆ ಮದರಂಗಿ ಮತ್ತು ಹಚ್ಚೆ ಎರಡೇ ಸಾಕು. ಮದುವೆಗೆ ಹಾಕಿಸಿಕೊಂಡ ಮದರಂಗಿ ಎರಡು ಮೂರು ವಾರದಲ್ಲಿ ಮಾಸಿಹೋಗುತ್ತದೆ. ಅದೇ ಅಜ್ಜಿಯ ಮೊಣಕೈ ಕೆಳಗಿನ ಹಸಿರು ಹಚ್ಚೆ ಎಂಬತ್ತು ವರ್ಷವಾದರೂ ಹಾಗೇ ಇರುತ್ತದೆ. ಯಾಕೆ? ಮದರಂಗಿಯ ಬಣ್ಣ ಹಿಡಿಯುವುದು ಹೊರಚರ್ಮದ ಮೇಲ್ತುದಿಯ ಸತ್ತ ಪದರಕ್ಕೆ. ಆ ಪದರ ದಿನಾ ಸ್ವಲ್ಪ ಸ್ವಲ್ಪ ಉದುರುತ್ತದೆ, ಜೊತೆಗೆ ಬಣ್ಣವೂ ಹೋಗುತ್ತದೆ. ಹಚ್ಚೆಯ ಸೂಜಿ ಹೊರಚರ್ಮ ದಾಟಿ ಒಳಚರ್ಮಕ್ಕೆ ಇಳಿದಿರುತ್ತದೆ. ಅಲ್ಲಿ ಉದುರುವುದು ಅಂತ ಇಲ್ಲ.

ಹೊರಚರ್ಮದ ಜೀವಕೋಶ ಹುಟ್ಟುವುದು ತಳದ ಸಾಲಿನಲ್ಲಿ. ಕೆಳಗೆ ಹೊಸದು ಹುಟ್ಟಿದಂತೆ ಹಳೆಯದು ಮೇಲೆ ಸರಿಯುತ್ತದೆ, ಚಪ್ಪಟೆಯಾಗುತ್ತದೆ, ಸಾಯುತ್ತದೆ, ಕೊನೆಗೆ ಉದುರುತ್ತದೆ. ಈ ಪ್ರಯಾಣಕ್ಕೆ ಹೆಚ್ಚು ಕಡಿಮೆ ನಾಲ್ಕು ವಾರ ಬೇಕು, ವಯಸ್ಸಾದ ಹಾಗೆ ಇನ್ನೂ ನಿಧಾನ. ಮೇಲಿನ ಹದಿನೈದಿಪ್ಪತ್ತು ಸಾಲು ಬರೀ ಸತ್ತ ಕೋಶಗಳೇ, ಇಟ್ಟಿಗೆ ಜೋಡಿಸಿದ ಹಾಗೆ. ಇಟ್ಟಿಗೆಗಳ ನಡುವೆ ಗಾರೆಯ ಹಾಗೆ ಒಂದು ಕೊಬ್ಬು. ಒಳಗಿನ ನೀರು ಆರದಂತೆ, ಹೊರಗಿನ ಕೊಳೆ ಕ್ರಿಮಿ ಒಳಗೆ ಬಾರದಂತೆ ನೋಡಿಕೊಳ್ಳುವುದು ಈ ಗೋಡೆ. ಇಲ್ಲಿ ರಕ್ತನಾಳವೇ ಇಲ್ಲ. ಅದಕ್ಕೇ ಮುಳ್ಳು ಸುಮ್ನೆ ಗೀರಿದರೆ ಬಿಳಿ ಗೆರೆ ಮೂಡುತ್ತದೆ, ರಕ್ತ ಬರುವುದಿಲ್ಲ. ರಕ್ತ ಬಂತು ಅಂದರೆ ಗಾಯ ಒಳಚರ್ಮ ಮುಟ್ಟಿದೆ ಅಂತ ಲೆಕ್ಕ. ರಕ್ತನಾಳ, ನರ, ಬೆವರಿನ ಗ್ರಂಥಿ, ಜಿಡ್ಡಿನ ಗ್ರಂಥಿ, ಕೂದಲಿನ ಬುಡ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲ್ಯಾಜೆನ್ ಎಲ್ಲ ಒಳಚರ್ಮದ ಸೊತ್ತು.

ಈ ಗೋಡೆಯ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಬಿಸಿಲಿಗೆ ಮುಖ ಕಪ್ಪಾಗಿದೆ ಅಂತ ನಿಂಬೆರಸ, ಸಕ್ಕರೆ, ಅಡುಗೆ ಸೋಡಾ ಸೇರಿಸಿ ವಾರಕ್ಕೆ ಮೂರು ಸಲ ಉಜ್ಜುತ್ತಿದ್ದೆ. ಎರಡು ವಾರ ಹೊಳಪು ಬಂತು. ಈಗ ಕೆನ್ನೆ ಉರಿಯುತ್ತದೆ, ಅಲ್ಲಲ್ಲಿ ಕಂದು ಕಲೆ ಬಿದ್ದಿದೆ. ನ್ಯಾಚುರಲ್ ಅಲ್ವಾ, ಯಾಕೆ ಹೀಗಾಯಿತು? — ದಾವಣಗೆರೆ

ಮೊದಲು ಅದನ್ನು ನಿಲ್ಲಿಸಿ. ಇವತ್ತೇ.

ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಐದರ ಆಸುಪಾಸು, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಈ ಹುಳಿ ಇದ್ದರೆ ಗೋಡೆಯ ಗಾರೆ ಗಟ್ಟಿ. ನಿಂಬೆರಸ ಎರಡರ ಹತ್ತಿರ, ಅಂದರೆ ಚರ್ಮಕ್ಕಿಂತ ಎಷ್ಟೋ ನೂರು ಪಟ್ಟು ಹುಳಿ. ಅಡುಗೆ ಸೋಡಾ ಅದಕ್ಕೆ ತದ್ವಿರುದ್ಧ, ಎಂಟರ ಮೇಲೆ. ಸಕ್ಕರೆ ಹರಳಿನ ಅಂಚು ಚೂಪು, ಅದು ಗೀರುತ್ತದೆ. ಮೊದಲ ಎರಡು ವಾರ ಕಂಡ ಹೊಳಪು ಸುಳ್ಳಲ್ಲ. ಮೇಲಿನ ಸತ್ತ ಸಾಲು ಕಿತ್ತು ಹೋದಾಗ ಕೆಳಗಿನ ನುಣುಪು ಬೆಳಕಿಗೆ ಮಿಂಚುತ್ತದೆ. ಆದರೆ ನಾಲ್ಕು ವಾರದಲ್ಲಿ ಕಟ್ಟುವ ಗೋಡೆಯನ್ನು ನೀವು ವಾರಕ್ಕೆ ಮೂರು ಸಲ ಕೆಡವುತ್ತಿದ್ದರೆ ಅದು ಯಾವಾಗ ಎದ್ದು ನಿಲ್ಲಬೇಕು ಹೇಳಿ?

ಕಂದು ಕಲೆಗೂ ಕಾರಣ ಇದೆ. ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳು ಹೊರಚರ್ಮದ ತಳದಲ್ಲಿ ಕೂತಿರುತ್ತವೆ. ಮೇಲೆ ಉರಿಯೂತ ಆಯಿತು ಅಂದರೆ ಅವು ಹೆದರಿ ಇನ್ನಷ್ಟು ಬಣ್ಣ ಸುರಿಯುತ್ತವೆ, ನಮ್ಮಂಥ ಗೋಧಿ, ಎಣ್ಣೆಗೆಂಪು ಬಣ್ಣದವರಲ್ಲಿ ಇದು ಬೇಗ. ನಿಂಬೆ ಜಾತಿಯ ಸಿಪ್ಪೆ, ರಸದಲ್ಲಿ ಸೊರಾಲೆನ್ ಅನ್ನುವ ವಸ್ತು ಬೇರೆ ಇದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಕೆಂಪಾಗಿ, ಆಮೇಲೆ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ನಿಂಬೆ ಹಿಂಡಿ ಪಾನಕ ಮಾಡಿ ಕೈ ತೊಳೆಯದೆ ಬಿಸಿಲಿಗೆ ಹೋದವರ ಬೆರಳುಗಳಲ್ಲೂ ಇಂಥ ಕಲೆ ನೋಡಿದ್ದೇನೆ.

ಈಗ ಮಾಡಬೇಕಾದ್ದು ಸುಲಭ. ಒಂದು ತಿಂಗಳು ಮುಖಕ್ಕೆ ತಣ್ಣೀರು, ಸೌಮ್ಯವಾದ ಫೇಸ್‌ವಾಶ್ ದಿನಕ್ಕೆ ಎರಡೇ ಸಲ, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್, ಹೊರಗೆ ಹೊರಟರೆ ಸನ್‌ಸ್ಕ್ರೀನ್. ಬೇರೆ ಏನೂ ಬೇಡ. ಉರಿ ವಾರದೊಳಗೆ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಕಲೆ ಮಾಯಲು ಮೂರು ತಿಂಗಳಾದರೂ ಬೇಕು, ಗಾಬರಿ ಬೇಡ.

ನಮಸ್ಕಾರರೀ ಮೇಡಂ. ನನಗ 68 ವರ್ಷ. ಚಳಿಗಾಲ ಬಂತಂದ್ರ ಮೊಣಕಾಲ ಕೆಳಗ ತುರಿಕೆ ತಡಿಯಾಕ ಆಗಂಗಿಲ್ಲ. ದಿನಾ ಸುಡು ಸುಡು ನೀರಿಲೆ ಸಾಬೂನು ಹಚ್ಚಿ, ಕಲ್ಲಿಲೆ ತಿಕ್ಕಿ ಜಳಕ ಮಾಡತೀನಿ, ಆದ್ರೂ ಹೋಗವಲ್ದು. — ವಿಜಯಪುರ

ಹಿರಿಯರೇ, ನಿಮ್ಮ ತುರಿಕೆ ಕೊಳೆಯಿಂದ ಬಂದಿದ್ದಲ್ಲ. ಜಳಕದಿಂದಲೇ ಬಂದಿದೆ. ಇದನ್ನು ಹೇಳಿದರೆ ನಿಮ್ಮ ವಯಸ್ಸಿನವರಿಗೆ ನಂಬಿಕೆ ಬರುವುದಿಲ್ಲ, ಅದಕ್ಕೆ ಕ್ಲಿನಿಕ್ಕಿನಲ್ಲಿ ನಾನೊಂದು ಪರೀಕ್ಷೆ ಮಾಡಿ ತೋರಿಸುತ್ತೇನೆ. ನೀವೂ ಮಾಡಿ ನೋಡಿ. ಪುಸ್ತಕಕ್ಕೆ ಅಂಟಿಸುವ ಪಾರದರ್ಶಕ ಟೇಪಿನ ಒಂದು ಗೇಣುದ್ದ ತುಂಡನ್ನು ಮೊಣಕಾಲ ಕೆಳಗಿನ ಮುಂಗಾಲಿನ ಮೇಲೆ ಮೆತ್ತಗೆ ಒತ್ತಿ, ಕಿತ್ತು, ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಿಳೀ ಹೊಟ್ಟು ಅಂಟಿಕೊಂಡಿರುತ್ತದೆ, ಜೋಳ ಕೇರಿದಾಗ ಮೊರದ ಅಂಚಿನಲ್ಲಿ ಉಳಿಯುವ ಹಾಗೆ. ಮೊಮ್ಮಗನ ಕಾಲಿಗೂ ಅದೇ ರೀತಿ ಅಂಟಿಸಿ ಕೀಳಿ, ಟೇಪು ಹೆಚ್ಚು ಕಡಿಮೆ ಸ್ವಚ್ಛವಾಗೇ ಬರುತ್ತದೆ. ಆ ಹೊಟ್ಟು ಏನು ಅಂದರೆ ನಿಮ್ಮ ಗೋಡೆಯ ಗಾರೆ ಒಣಗಿ ಸಡಿಲವಾದ ಇಟ್ಟಿಗೆಗಳು.

ವಯಸ್ಸಾದ ಹಾಗೆ ಚರ್ಮದ ಜಿಡ್ಡು ತಾನಾಗಿಯೇ ಕಡಿಮೆಯಾಗುತ್ತದೆ, ಮುಂಗಾಲಿನಲ್ಲಂತೂ ಮೊದಲಿನಿಂದಲೂ ಕಡಿಮೆ. ನಿಮ್ಮ ಕಡೆ ಚಳಿಗಾಲದ ಗಾಳಿ ಒಣ. ಅದರ ಮೇಲೆ ಸುಡುನೀರು ಇದ್ದ ಕೊಬ್ಬನ್ನು ಕರಗಿಸುತ್ತದೆ, ಸಾಬೂನು ಅದನ್ನು ತೊಳೆದುಕೊಂಡು ಹೋಗುತ್ತದೆ, ಕಲ್ಲು ಇಟ್ಟಿಗೆಯನ್ನೇ ಕೀಳುತ್ತದೆ. ಸಾಬೂನಿನ ಪಿಎಚ್ ಒಂಬತ್ತು ಹತ್ತರ ಸುಮಾರು, ಬೋರ್‌ವೆಲ್‌ನ ಗಡಸು ನೀರಾದರೆ ಸಾಬೂನು ಸರಿಯಾಗಿ ತೊಳೆದೂ ಹೋಗದೆ ಮೈಮೇಲೆ ಪೊರೆಯಂತೆ ಉಳಿಯುತ್ತದೆ. ಕೊನೆಗೆ ಕಾಲಿನ ಚರ್ಮ ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನರದ ತುದಿ ಕೆರಳುತ್ತದೆ, ನೀವು ತುರಿಸುತ್ತೀರಿ, ಇನ್ನಷ್ಟು ಬಿರುಕು.

ಹೀಗೆ ಮಾಡಿ. ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಜಳಕ ಮುಗಿಯಬೇಕು. ಸಾಬೂನು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ, ಕಾಲಿಗೆ ಕೈಗೆ ಬರೀ ನೀರು ಸಾಕು. ಕಲ್ಲನ್ನು ಹಿಮ್ಮಡಿಗೆ ಬಿಟ್ಟು ಬೇರೆಲ್ಲೂ ತಾಗಿಸಬೇಡಿ. ಸಾಬೂನು ಕೊಳ್ಳುವಾಗ ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಟಿಎಫ್ಎಂ ಅಂತ ಇರುತ್ತದೆ, ಅಂದರೆ ಸಾಬೂನಿನಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟು ಅಂತ, 76 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಮೊದಲ ದರ್ಜೆಯ ಸಾಬೂನು. ಮೈ ಒರೆಸುವಾಗ ತಿಕ್ಕಬೇಡಿ, ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ, ಅಂದರೆ ಎರಡು ಮೂರು ನಿಮಿಷದ ಒಳಗೆ, ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ತೆಳ್ಳಗೆ ಸವರಿ. ಒಣಗಿದ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಅರ್ಧ ಲಾಭ, ಯಾಕೆಂದರೆ ಎಣ್ಣೆ ನೀರನ್ನು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ. ದೀಪಾವಳಿಯಲ್ಲಿ ಎಣ್ಣೆ ಹಚ್ಚಿ ಅಭ್ಯಂಜನ ಮಾಡುವ ಪದ್ಧತಿ ಚಳಿ ಶುರುವಾಗುವ ಹೊತ್ತಿಗೇ ಬರುತ್ತದೆ ನೋಡಿ. ಅದನ್ನು ವರ್ಷಕ್ಕೊಮ್ಮೆ ಮಾಡಿ ಬಿಡದೆ ಚಳಿಗಾಲ ಪೂರ್ತಿ ವಾರಕ್ಕೊಮ್ಮೆ ಇಟ್ಟುಕೊಂಡರೆ ಒಳ್ಳೆಯದು. ಸ್ನಾನದ ಮನೆಯಲ್ಲಿ ಜಾರದಂತೆ ಮಾತ್ರ ಜಾಗ್ರತೆ.

ಎರಡು ವಾರ ಹೀಗೆ ಮಾಡಿಯೂ ತುರಿಕೆ ನಿಲ್ಲದಿದ್ದರೆ ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸಬೇಕು. ಮನೆಯವರಿಗೆಲ್ಲ ರಾತ್ರಿ ಹೊತ್ತು ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು, ಅದರ ಔಷಧಿಯೇ ಬೇರೆ.

ಕೊಬ್ಬರಿ ಎಣ್ಣೆ ಎಲ್ಲಕ್ಕೂ ಒಳ್ಳೆಯದು ಅಂತ ಅಮ್ಮ ರಾತ್ರಿ ಮುಖಕ್ಕೆ ಹಚ್ಚಿಸುತ್ತಾರೆ. ಮೊಡವೆ ಜಾಸ್ತಿಯಾಗುತ್ತಿದೆ. ನನಗೆ 17. — ಪುತ್ತೂರು

ಅಮ್ಮ ಹೇಳುವುದು ಕೈ ಕಾಲು ಮೈಗೆ ನಿಜ, ನಿನ್ನ ಮುಖಕ್ಕೆ ಅಲ್ಲ. ಈ ವಯಸ್ಸಿನಲ್ಲಿ ಮುಖದ ಜಿಡ್ಡಿನ ಗ್ರಂಥಿಗಳು ತಾವೇ ಬೇಕಾದಷ್ಟು ಎಣ್ಣೆ ಸುರಿಸುತ್ತಿರುತ್ತವೆ. ಅದರ ಮೇಲೆ ಕೊಬ್ಬರಿ ಎಣ್ಣೆ ಬಿದ್ದರೆ ರಂಧ್ರದ ಬಾಯಿ ಮುಚ್ಚುತ್ತದೆ, ಕೆಳಗೆ ಮೊಡವೆ ಕಟ್ಟುತ್ತದೆ. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದರೂ ಇದೇ ಕಥೆ, ಹಾಗಾಗಿ ಎಣ್ಣೆ ಹಚ್ಚಿ ಒಂದೆರಡು ಗಂಟೆಯಲ್ಲಿ ತಲೆ ತೊಳೆದುಬಿಡು. ಬೇವಿನ ಎಲೆ ಅರೆದು ಹಚ್ಚುವುದು, ಟೂತ್‌ಪೇಸ್ಟ್ ಇಡುವುದು ಬೇಡ. ಹಿಸುಕುವುದಂತೂ ಬೇಡವೇ ಬೇಡ, ಕೀವು ಒಳಚರ್ಮಕ್ಕೆ ಒಡೆದರೆ ಹಳ್ಳ ಬೀಳುತ್ತದೆ, ಆ ಹಳ್ಳ ಉಳಿದುಬಿಡುತ್ತದೆ.

ನಮ್ಮಲ್ಲಿ ಹಿಮ್ಮಡಿ ಒಡೆದರೆ ಮುರುಗಲ ತುಪ್ಪ ಹಚ್ಚುತ್ತೇವೆ. ಮಗಳು ಶಿಕಾಗೋದಲ್ಲಿದ್ದಾಳೆ, ಅಲ್ಲಿಯ ಚಳಿಗೆ ಕೈಯೂ ಒಡೆಯುತ್ತಿದೆಯಂತೆ. ಕಳಿಸಬಹುದಾ? ಇದರಲ್ಲಿ ನಿಜವಾಗಿ ಗುಣ ಇದೆಯಾ? — ಸಿದ್ದಾಪುರ

ಈ ಪತ್ರ ಓದಿ ತುಂಬಾ ಖುಷಿಯಾಯಿತು, ನಾನು ಬೆಳೆದದ್ದೂ ಆ ಸೀಮೆಯಲ್ಲೇ. ಕರಾವಳಿಯವರು ಪುನರ್ಪುಳಿ ಅನ್ನುವ ಅದೇ ಮುರುಗಲು. ಸಿಪ್ಪೆ ಸಾರಿಗೂ ಶರಬತ್ತಿಗೂ ಹೋಗುತ್ತದೆ, ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲುತ್ತದೆ. ತಣ್ಣಗಾದ ಮೇಲೆ ಅದನ್ನು ತೆಗೆದು ಉಂಡೆ ಕಟ್ಟಿಡುವುದು. ನಮ್ಮಜ್ಜಿ ಆ ಉಂಡೆಯನ್ನು ಒಲೆಯ ಮೇಲಿನ ಗಳುವಿಗೆ ತೂಗುಹಾಕಿದ ಗರಟೆಯಲ್ಲಿ ಇಟ್ಟಿರುತ್ತಿದ್ದರು. ಮಾಗಿಯ ರಾತ್ರಿ ಊಟವಾದ ಮೇಲೆ ಉಂಡೆಯಿಂದ ಉಗುರಿನಷ್ಟು ಕೆರೆದು ಕಬ್ಬಿಣದ ಸೌಟಿಗೆ ಹಾಕಿ ಕೆಂಡದ ಮೇಲೆ ಹಿಡಿಯುವುದು. ಸುರ್ ಅಂತ ಕರಗಿದ್ದನ್ನು ಅಜ್ಜನ ಹಿಮ್ಮಡಿಯ ಸೀಳಿಗೆ ಹನಿ ಹನಿ ಬಿಡುವುದು. ಅಜ್ಜ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದರು. ಬೆಳಗಾಗುವಷ್ಟರಲ್ಲಿ ಸೀಳಿನೊಳಗೆ ಮೇಣದಂತೆ ಗಟ್ಟಿಯಾಗಿ ಕೂತಿರುತ್ತಿತ್ತು.

ಗುಣ ಇದೆ, ಕಾರಣವೂ ಇದೆ. ಅಂಗಾಲಿನಲ್ಲಿ ಹೊರಚರ್ಮ ಎಲ್ಲ ಕಡೆಗಿಂತ ದಪ್ಪ, ಆದರೆ ಅಲ್ಲಿ ಜಿಡ್ಡಿನ ಗ್ರಂಥಿ ಒಂದೂ ಇಲ್ಲ. ಅಂಗೈಯಲ್ಲೂ ಇಲ್ಲ. ಆ ದಪ್ಪ ಗೋಡೆ ಒಣಗಿದಾಗ ಮೈಭಾರಕ್ಕೆ ಸೀಳುತ್ತದೆ. ಹೊರಗಿನಿಂದಲೇ ಕೊಬ್ಬು ಕೊಡಬೇಕು, ಅದೂ ಜಾರಿಹೋಗದಂಥ ಗಟ್ಟಿ ಕೊಬ್ಬು. ಮುರುಗಲ ತುಪ್ಪ ಮೈಶಾಖಕ್ಕಿಂತ ತುಸು ಮೇಲೆ ಕರಗುತ್ತದೆ, ಹಾಗಾಗಿ ಹಚ್ಚಿದ ಮೇಲೆ ಚರ್ಮದ ಮೇಲೆಯೇ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಹೀಗೆ ನಿಲ್ಲುವುದಿಲ್ಲ. ಕೋಕಂ ಬಟರ್ ಅಂತ ಇದನ್ನೇ ಈಗ ಲಿಪ್‌ಬಾಮ್, ಕ್ರೀಮುಗಳಿಗೆ ಹಾಕುತ್ತಾರೆ.

ಮಗಳಿಗೆ ಧಾರಾಳವಾಗಿ ಕಳಿಸಿ. ಅಲ್ಲಿ ಹೊರಗಿನ ಚಳಿಗಿಂತ ಮನೆಯೊಳಗಿನ ಹೀಟರ್ ಗಾಳಿಯೇ ಚರ್ಮವನ್ನು ಹೆಚ್ಚು ಒಣಗಿಸುತ್ತದೆ. ಕೈಗೆ ಹಚ್ಚಲು ಬರೀ ತುಪ್ಪ ಗಟ್ಟಿಯಾಗುತ್ತದೆ, ಒಂದು ಪಾಲು ತುಪ್ಪಕ್ಕೆ ಎರಡು ಪಾಲು ಕೊಬ್ಬರಿ ಎಣ್ಣೆ ಸೇರಿಸಿ ಕರಗಿಸಿ ಡಬ್ಬಿಯಲ್ಲಿಟ್ಟುಕೊಳ್ಳಲಿ, ಪಾತ್ರೆ ತೊಳೆದ ಮೇಲೆ ಪ್ರತಿ ಸಲ ಒಂದಿಷ್ಟು. ಹಿಮ್ಮಡಿಗಾದರೆ ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಒರೆಸಿ, ತುಪ್ಪ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಲಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಕ್ಕರೆ ಕಾಯಿಲೆ ಇದ್ದವರು ಅಜ್ಜಿಯ ಹಾಗೆ ಬಿಸಿ ತುಪ್ಪ ಹನಿಸಬಾರದು. ಕಾಲು ಜೋಮು ಹಿಡಿದಿದ್ದರೆ ಸುಟ್ಟರೂ ಗೊತ್ತಾಗುವುದಿಲ್ಲ. ಬ್ಲೇಡಿನಿಂದ ಕೆರೆಯುವುದೂ ಬೇಡ. ಅಂಥ ಕಾಲಿನ ಸೀಳು ಚಿಕ್ಕದಿರುವಾಗಲೇ ಡಾಕ್ಟರಿಗೆ ತೋರಿಸಿ.

ಮಗುವಿಗೆ ಇಪ್ಪತ್ತು ದಿನ. ಮೈಮೇಲೆ ಸಣ್ಣ ಕೂದಲಿದೆ ಅಂತ ಅತ್ತೆ ದಿನಾ ಕಡಲೆ ಹಿಟ್ಟು, ಅರಿಶಿನ, ಹಾಲಿನ ಕೆನೆ ಹಾಕಿ ತಿಕ್ಕಿಸುತ್ತಾರೆ. ಬಣ್ಣವೂ ಬರುತ್ತದೆ ಅಂತಾರೆ. ಮಗು ಕಿರುಚುತ್ತದೆ, ನನಗೆ ನೋಡಲಾಗುತ್ತಿಲ್ಲ. — ತುಮಕೂರು

ತಾಯಿ, ನಿಮ್ಮ ಕರುಳು ಹೇಳುತ್ತಿರುವುದೇ ಸರಿ. ಈ ಉತ್ತರವನ್ನು ಅತ್ತೆಗೂ ಓದಿ ಹೇಳಿ, ಅವರ ಮೇಲೆ ನನಗೆ ಗೌರವವಿದೆ, ಬಾಣಂತನ ಮಾಡುವುದು ಸಣ್ಣ ಕೆಲಸ ಅಲ್ಲ.

ಆ ಕೂದಲು ಹೊಟ್ಟೆಯಲ್ಲಿದ್ದಾಗ ಬೆಳೆದದ್ದು. ತಿಕ್ಕಿದರೂ ತಿಕ್ಕದಿದ್ದರೂ ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ತಿಕ್ಕಿದ್ದಕ್ಕೆ ಹೋಯಿತು ಅಂತ ನಮಗೆ ಅನ್ನಿಸುತ್ತದೆ. ಮಗುವಿನ ಹೊರಚರ್ಮ ದೊಡ್ಡವರದಕ್ಕಿಂತ ತೆಳು, ಗೋಡೆ ಇನ್ನೂ ಕಟ್ಟುತ್ತಿರುತ್ತದೆ. ಹಿಟ್ಟಿನ ತರಿ ಕುತ್ತಿಗೆ, ತೊಡೆಯ ಮಡಿಕೆಗಳಲ್ಲಿ ಸಿಕ್ಕಿಕೊಂಡು ಕೆಂಪು ಗುಳ್ಳೆ ಏಳಿಸುತ್ತದೆ. ಇನ್ನು ಬಣ್ಣ. ಬಣ್ಣದ ಕೋಶಗಳ ಸಂಖ್ಯೆ ಬಿಳಿಯರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚು ಕಡಿಮೆ ಒಂದೇ. ಅವು ಎಷ್ಟು ಬಣ್ಣ ತಯಾರಿಸುತ್ತವೆ ಅನ್ನುವುದು ಅಪ್ಪ ಅಮ್ಮನಿಂದ ಬಂದದ್ದು. ಆ ಕೋಶಗಳು ತಳದ ಸಾಲಿನಲ್ಲಿವೆ, ಕಡಲೆ ಹಿಟ್ಟು ಅಲ್ಲಿಗೆ ತಲುಪುವುದೇ ಇಲ್ಲ. ನಿಮ್ಮ ಮಗುವಿನ ಬಣ್ಣ ಏನೇ ಇರಲಿ, ಅದು ಚೆಂದವೇ.

ಎಣ್ಣೆ ಹಚ್ಚಿ ನೀರು ಎರೆಯುವುದನ್ನು ಬಿಡಬೇಡಿ. ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಅಂಗೈಯಲ್ಲಿ ಮೆಲ್ಲಗೆ ಸವರಿದರೆ ಮಗುವಿಗೆ ಹಿತ, ಚರ್ಮಕ್ಕೂ ಒಳ್ಳೆಯದು. ಮೂಗು ಕಿವಿಗೆ ಮಾತ್ರ ಎಣ್ಣೆ ಬಿಡಬೇಡಿ. ನೀರಿನ ಬಿಸಿಯನ್ನು ಅಂಗೈಯಲ್ಲಿ ನೋಡಬೇಡಿ, ಕೆಲಸ ಮಾಡಿದ ಕೈಗೆ ಬಿಸಿ ತಿಳಿಯುವುದಿಲ್ಲ, ಮೊಣಕೈ ಅದ್ದಿ ನೋಡಿ. ಸಾಂಬ್ರಾಣಿ ಹೊಗೆಯನ್ನೂ ದೂರ ಇಡಿ, ಅದು ಮಗುವಿನ ಉಸಿರಿಗೆ ಕೆಟ್ಟದ್ದು.

ಹೆರಿಗೆಯಾದ ಮೇಲೆ ಎರಡೂ ಕೆನ್ನೆಗೆ ಬಂಗು ಬಂದಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಒಂದು ಕ್ರೀಮ್ ಕೊಟ್ಟರು. ಹತ್ತು ದಿನದಲ್ಲಿ ಮುಖ ಬೆಳ್ಳಗಾಯಿತು. ಈಗ ಎಂಟು ತಿಂಗಳಾಯಿತು, ಹಚ್ಚದಿದ್ದರೆ ಮುಖ ಉರಿದು ಕೆಂಪಾಗುತ್ತದೆ, ಸಣ್ಣ ಕೂದಲೂ ಬೆಳೆಯುತ್ತಿದೆ. ಬಿಟ್ಟು ಅರಿಶಿನ ಹಚ್ಚಲಾ? — ಮಂಡ್ಯ

ಅಕ್ಕ, ಇವತ್ತಿನ ಪತ್ರಗಳಲ್ಲಿ ನನಗೆ ಹೆಚ್ಚು ಸಂಕಟ ಕೊಟ್ಟಿದ್ದು ನಿಮ್ಮದು. ಇಂಥವರು ವಾರಕ್ಕೆ ಎಷ್ಟೋ ಜನ ನನ್ನ ಮುಂದೆ ಕೂರುತ್ತಾರೆ.

ಆ ಟ್ಯೂಬ್ ಕೈಗೆ ತೆಗೆದುಕೊಂಡು ಹಿಂದಿನ ಸಣ್ಣ ಅಕ್ಷರ ಓದಿ. ಬೀಟಾಮೆಥಸೋನ್, ಮೊಮೆಟಸೋನ್, ಡೆಕ್ಸಾಮೆಥಸೋನ್ ಹೀಗೆ 'ಸೋನ್' ಅಂತ ಮುಗಿಯುವ ಹೆಸರು, ಇಲ್ಲವೇ ಕ್ಲೋಬೆಟಾಸಾಲ್ ಇದ್ದರೆ ಅದು ಸ್ಟೀರಾಯ್ಡ್. ಒಳ್ಳೆಯ ಔಷಧಿಯೇ, ಇಸುಬಿಗೆ ನಾನೂ ಬರೆಯುತ್ತೇನೆ, ಆದರೆ ಇಷ್ಟು ದಿನ, ಇಂಥ ಜಾಗಕ್ಕೆ ಅಂತ ಲೆಕ್ಕ ಹಾಕಿ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಅದು ಹೊರಚರ್ಮವನ್ನು ತೆಳ್ಳಗೆ ಮಾಡಿ ಒಳಚರ್ಮದ ಕೊಲ್ಯಾಜೆನ್ನನ್ನೂ ಸವೆಸುತ್ತದೆ. ಕೆಳಗಿನ ರಕ್ತನಾಳ ಕೆಂಪು ದಾರದಂತೆ ಕಾಣತೊಡಗುತ್ತವೆ. ಮೊಡವೆ, ಕೂದಲು, ಬಿಸಿಲಿಗೆ ಹೋದರೆ ಉರಿ, ಇವೆಲ್ಲ ಅದರದೇ ಗುರುತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಆದರೂ ಕೌಂಟರಿನಲ್ಲಿ ಕೇಳಿದ ತಕ್ಷಣ ಕೊಡುವುದು ನಿಂತಿಲ್ಲ ಅನ್ನುವುದು ನನ್ನ ಸಿಟ್ಟು. ಹುಳುಕಡ್ಡಿಗೂ ಇದನ್ನೇ ಹಚ್ಚಿಕೊಂಡು ಬರುತ್ತಾರೆ. ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಮೈತುಂಬಾ ಹರಡಿರುತ್ತದೆ.

ಟ್ಯೂಬಿನ ಮೇಲೆ ಏನೂ ಬರೆದಿಲ್ಲ, ಅಥವಾ ತಯಾರಿಸಿದವರ ವಿಳಾಸವೇ ಇಲ್ಲ ಅಂದರೆ ಇನ್ನೂ ಅಪಾಯ. ಬೆಳ್ಳಗೆ ಮಾಡುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಗೋಡೆ ದಾಟಿ ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆ ಕಿಡ್ನಿ ತೊಂದರೆಯಾದವರು ಬೆಳಕಿಗೆ ಬಂದಿದ್ದರು. ಕಾಲು, ಮುಖ ಊದಿಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ತಡ ಮಾಡಬೇಡಿ.

ಬಿಟ್ಟು ಅರಿಶಿನ ಹಚ್ಚಲಾ ಅಂತ ಕೇಳಿದ್ದೀರಿ. ಈಗ ಅರಿಶಿನವೂ ಬೇಡ, ಬೇರೆ ಮನೆಮದ್ದೂ ಬೇಡ. ಆ ಕ್ರೀಮನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಕೆಲವು ವಾರ ಉರಿ, ಊತ ಜೋರಾಗುತ್ತದೆ. ಆಗ ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ. ಅದಕ್ಕೇ ಚರ್ಮದ ಡಾಕ್ಟರ ಹತ್ತಿರ ಟ್ಯೂಬ್ ಸಮೇತ ಹೋಗಿ, ಹೇಗೆ ಬಿಡಿಸಬೇಕು ಅಂತ ಅವರು ನೋಡುತ್ತಾರೆ. ಖಾಸಗಿ ಫೀಸು ಕಷ್ಟವಾದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಮುಖ ಸರಿಹೋಗಲು ತಿಂಗಳುಗಳೇ ಬೇಕು, ಆದರೆ ಬಹಳಷ್ಟು ಜನರಿಗೆ ಸರಿಹೋಗಿದ್ದನ್ನು ನೋಡಿದ್ದೇನೆ.

ಬಂಗಿಗೆ ಮುಖ್ಯ ಕಾರಣ ಬಿಸಿಲು, ಬಸಿರಿನ ಹಾರ್ಮೋನು, ಮನೆತನದ ಗುಣ. ಹಾಗಾಗಿ ಯಾವ ಔಷಧಿಗಿಂತ ಮೊದಲು ಕೊಡೆ, ಸನ್‌ಸ್ಕ್ರೀನ್. ಎಸ್‌ಪಿಎಫ್ 30ರ ಮೇಲಿನದು, ಮುಖ ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ. ಬರೀ ಬೆಳಕಿಗೂ ಬಂಗು ಗಾಢವಾಗುವುದರಿಂದ ಚರ್ಮದ ಬಣ್ಣದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು. ಗಿಡಮೂಲಿಕೆಯೇ ಬೇಕು ಅನ್ನುವವರಿಗೆ ಜ್ಯೇಷ್ಠಮಧುವಿನ ಸಾರ ಇರುವ ಕ್ರೀಮ್ ಇದೆ, ಬಣ್ಣ ತಯಾರಾಗುವುದನ್ನು ಅದು ಸ್ವಲ್ಪ ತಡೆಯುತ್ತದೆ. ಆದರೆ ನಿಮಗೆ ಈಗಲೇ ಅಲ್ಲ, ಉರಿ ಪೂರ್ತಿ ಆರಿದ ಮೇಲೆ.

ಹಣೆಯಲ್ಲಿ ಬೊಟ್ಟು ಇಡುವ ಜಾಗ ಮಾತ್ರ ದುಂಡಗೆ ಬೆಳ್ಳಗಾಗಿದೆ. ತೊನ್ನು ಇರಬಹುದಾ ಅಂತ ನಿದ್ದೆ ಬರುತ್ತಿಲ್ಲ. — ಹಾಸನ

ಸ್ಟಿಕ್ಕರ್ ಬೊಟ್ಟಿನ ಅಂಟಿನಿಂದ ಹೀಗಾಗುವುದು ನಮ್ಮಲ್ಲಿ ಹೊಸದಲ್ಲ. ಕೆಲವು ಅಂಟಿನಲ್ಲಿರುವ ಒಂದು ರಾಸಾಯನಿಕ ನೇರ ಬಣ್ಣದ ಕೋಶಗಳನ್ನೇ ಸಾಯಿಸುತ್ತದೆ. ಇವತ್ತಿನಿಂದಲೇ ಸ್ಟಿಕ್ಕರ್ ಬಿಡಿ. ಆ ಜಾಗಕ್ಕೆ ಸದ್ಯ ಕುಂಕುಮವೂ ಬೇಡ, ಕುಂಕುಮದ ಬಣ್ಣವೂ ಕೆಲವರಿಗೆ ಅಲರ್ಜಿ ಮಾಡುತ್ತದೆ. ಬೇಗ ಬಿಟ್ಟವರಲ್ಲಿ ಎಷ್ಟೋ ಸಲ ಬಣ್ಣ ಮರಳುತ್ತದೆ. ಬೇರೆ ಕಡೆ ಬಿಳಿ ಮಚ್ಚೆ ಬಂದರೆ ಅಥವಾ ಇದೇ ದೊಡ್ಡದಾದರೆ ತೋರಿಸಿಕೊಳ್ಳಿ. ತೊನ್ನೇ ಆಗಿದ್ದರೂ ಅದು ಅಂಟುರೋಗ ಅಲ್ಲ, ಚಿಕಿತ್ಸೆಯೂ ಇದೆ. ನಿದ್ದೆ ಮಾಡಿ.

ಕುಂಡದ ಲೋಳೆಸರ ನೇರವಾಗಿ ಹಚ್ಚಬಹುದಾ? — ಬಳ್ಳಾರಿ

ಹಚ್ಚಬಹುದು. ಎಲೆ ಕತ್ತರಿಸಿ ಬುಡ ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸಿ, ಹಳದಿ ಹಾಲು ಇಳಿದುಹೋಗಲಿ, ತುರಿಕೆ ಮಾಡುವುದು ಅದೇ. ಆಮೇಲೆ ಒಳಗಿನ ತಿಳಿ ಲೋಳೆಯನ್ನು ಮಾತ್ರ ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಏನೂ ಆಗದಿದ್ದರೆ ಮುಖಕ್ಕೆ.

ಡಾಕ್ಟರ್ ಆಂಟಿ, ನಾನು ಆರನೇ ಕ್ಲಾಸು. ಜಾಸ್ತಿ ಹೊತ್ತು ನೀರಲ್ಲಿ ಆಡಿದರೆ ಬೆರಳು ಯಾಕೆ ಸುಕ್ಕಾಗುತ್ತದೆ? ನೀರು ಕುಡಿದು ಊದಿಕೊಳ್ಳುತ್ತದಾ? — ಕುಂದಾಪುರ

ಪುಟ್ಟಿ, ದೊಡ್ಡವರೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಆಮೇಲೆ ಡಾಕ್ಟರುಗಳು ಒಂದು ವಿಚಿತ್ರ ಗಮನಿಸಿದರು. ಗಾಯದಿಂದ ನರ ತುಂಡಾದ ಬೆರಳು ಎಷ್ಟು ಹೊತ್ತು ನೀರಲ್ಲಿದ್ದರೂ ಸುಕ್ಕಾಗುವುದೇ ಇಲ್ಲ! ಸುಮ್ನೆ ನೀರು ಕುಡಿದು ಊದುವುದಾಗಿದ್ದರೆ ಆ ಬೆರಳೂ ಊದಬೇಕಿತ್ತು, ಅಲ್ವಾ? ಬೆರಳು ನೀರಲ್ಲಿ ನೆನೆದಾಗ ನರ ಒಳಚರ್ಮದ ರಕ್ತನಾಳಗಳಿಗೆ ಕುಗ್ಗಿ ಅನ್ನುತ್ತದೆ. ಅವು ಕುಗ್ಗಿದಾಗ ಒಳಗಡೆ ಸ್ವಲ್ಪ ಖಾಲಿಯಾಗಿ ಮೇಲಿನ ಚರ್ಮ ಒಳಗೆ ಎಳೆದುಕೊಂಡು ಮಡಿಕೆ ಬೀಳುತ್ತದೆ. ಈಗಲೂ ಬೆರಳಿನ ನರ ಕೆಲಸ ಮಾಡುತ್ತಿದೆಯಾ ಅಂತ ನೋಡಲು, ನೋವು ಹೇಳಲು ಬಾರದ ಸಣ್ಣ ಮಕ್ಕಳ ಕೈಯನ್ನು ಬೆಚ್ಚಗಿನ ನೀರಲ್ಲಿ ಇಡುವುದುಂಟು. ನೀನು ಗಡಿಯಾರ ಇಟ್ಟುಕೊಂಡು ನೋಡು, ಬಕೆಟ್ಟಿನ ತಣ್ಣೀರಲ್ಲಿ ಎಷ್ಟು ನಿಮಿಷಕ್ಕೆ ಸುಕ್ಕು ಬಂತು, ಬೆಚ್ಚಗಿನ ನೀರಲ್ಲಿ ಎಷ್ಟು ನಿಮಿಷಕ್ಕೆ ಬಂತು ಅಂತ. ಬರೆದು ಕಳಿಸು, ಮುಂದಿನ ತಿಂಗಳು ಹಾಕುತ್ತೇನೆ.